ಫೋರ್ಸ್ ಫೀಲ್ಡ್ ಗುಣಾಂಕ ಎಲ್ಲಿ ಬರೆಯುವುದು? ಸ್ಕ್ರಿಪ್ಟ್, ಡೇಟಾ ಫೈಲ್, ಬೇರೆ ಫೈಲ್: ಒಂದು ಹೋಲಿಕೆ

ಸುರತ್ಕಲ್, ಕೊಣಾಜೆ, ಮಣಿಪಾಲ, ಈ ಕಡೆ ಮಾಲಿಕ್ಯುಲರ್ ಡೈನಮಿಕ್ಸ್ (ಪರಮಾಣುಗಳ ಚಲನೆಯನ್ನು ಕಂಪ್ಯೂಟರಲ್ಲಿ ಲೆಕ್ಕ ಹಾಕುವುದು) ಶುರು ಮಾಡಿದ ವಿದ್ಯಾರ್ಥಿಗಳು ಬೇಗನೇ ಕೇಳುವ ಒಂದು ಪ್ರಶ್ನೆ ಇದೆ. "ಗುಣಾಂಕಗಳನ್ನು ಸ್ಕ್ರಿಪ್ಟಲ್ಲೇ ಬರೆಯುವುದಾ, ಡೇಟಾ ಫೈಲಿಗೆ ಹಾಕುವುದಾ?" ಸ್ಕ್ರಿಪ್ಟ್ ಎಂದರೆ ಪ್ರೋಗ್ರಾಂಗೆ ಕೊಡುವ ಆದೇಶಗಳ ಫೈಲ್, ಡೇಟಾ ಫೈಲ್ ಎಂದರೆ ಪರಮಾಣು, ಬಾಂಡ್‌ಗಳ ಪಟ್ಟಿ ಇರುವ ಫೈಲ್. ಕೇಳಲು ಸಣ್ಣ ಪ್ರಶ್ನೆ. ಎಲ್ಲಿ ಬರೆದರೂ ಪ್ರೋಗ್ರಾಂ ಓಡುತ್ತದೆ ಅಲ್ವಾ? ಹೌದು, ಓಡುತ್ತದೆ. ಅಂಕೆ ತಪ್ಪಿದ್ದರೂ ಓಡುತ್ತದೆ, ತೊಂದರೆ ಇರುವುದೇ ಅಲ್ಲಿ.

ಗುಣಾಂಕ, ಅಂದರೆ ಪರಮಾಣುಗಳ ನಡುವಿನ ಬಲದ ಲೆಕ್ಕಕ್ಕೆ ಬೇಕಾದ ಅಂಕೆ, ಕೊಡದೇ ಬಿಟ್ಟರೆ ಲ್ಯಾಂಪ್ಸ್ ಎಂಬ ಸಿಮ್ಯುಲೇಷನ್ ಪ್ರೋಗ್ರಾಂ "ಆಲ್ ಪೇರ್ ಕೋಯೆಫ್ಸ್ ಆರ್ ನಾಟ್ ಸೆಟ್" ಎಂದು ಗದರಿಸಿ ನಿಲ್ಲುತ್ತದೆ. ಇಂಥದ್ದೇ ಇನ್ನೊಂದು ಪ್ರೋಗ್ರಾಂ ಗ್ರೋಮ್ಯಾಕ್ಸ್ ಕೂಡ ನಿಲ್ಲುತ್ತದೆ. ಆದರೆ ಕೊಟ್ಟ ಅಂಕೆ ಸರಿಯೋ ಎಂದು ಯಾವುದೂ ಕೇಳುವುದಿಲ್ಲ. ಹಾಗಾಗಿ ಒಂದು ವಿಧಾನವನ್ನು ಇನ್ನೊಂದರ ಜೊತೆ ತೂಗುವಾಗ ನಾನು ನೋಡುವುದು ಒಂದೇ: ತಪ್ಪು ಎಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ? ಟೈಪಿಂಗ್ ಎಷ್ಟು ಉಳಿಯಿತು ಎಂಬುದು ಆಮೇಲಿನ ಮಾತು.

ಯಾವ ಅಂಕೆಗಳ ವಿಷಯ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಂಧ ಇಲ್ಲದ ಎರಡು ಪರಮಾಣುಗಳು ಒಂದನ್ನೊಂದು ಎಳೆಯುವ, ತಳ್ಳುವ ಲೆಕ್ಕಕ್ಕೆ ಲೆನಾರ್ಡ್-ಜೋನ್ಸ್ ಸೂತ್ರ. ಅದಕ್ಕೆ ಎರಡು ಅಂಕೆ ಬೇಕು. ಎಷ್ಟು ಬಲವಾಗಿ ಎಳೆಯುತ್ತವೆ ಎನ್ನುವುದಕ್ಕೆ ಎಪ್ಸಿಲಾನ್, ಎಷ್ಟು ಹತ್ತಿರ ಬರಬಹುದು ಎನ್ನುವುದಕ್ಕೆ ಸಿಗ್ಮಾ. ಬಾಂಡ್‌ಗೆ ಸ್ಪ್ರಿಂಗಿನ ಬಿಗಿ ಮತ್ತು ಉದ್ದ. ಕೋನಕ್ಕೂ ಹಾಗೆಯೇ. ಡೈಹೆಡ್ರಲ್‌ಗೆ (ಸಾಲಾಗಿ ಬಂಧಿಸಿದ ನಾಲ್ಕು ಪರಮಾಣುಗಳ ತಿರುಚು ಕೋನ) ಮೂರೋ ನಾಲ್ಕೋ. ಇವುಗಳ ಜೊತೆ ಪ್ರತಿ ಪರಮಾಣುವಿಗೆ ಒಂದು ಚಾರ್ಜ್. ಸೂತ್ರ ಮತ್ತು ಅಂಕೆಗಳ ಪಟ್ಟಿ ಸೇರಿದರೆ ಫೋರ್ಸ್ ಫೀಲ್ಡ್. ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಲ್ಲೇ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಸ್ಕ್ರಿಪ್ಟ್‌ನಲ್ಲೇ ಬರೆಯುವುದು

ಲ್ಯಾಂಪ್ಸ್ ಪರಮಾಣುಗಳ ಪ್ರತಿ ಬಗೆಗೂ ಒಂದು ನಂಬರ್ ಕೊಟ್ಟು ಅದನ್ನು ಟೈಪ್ ಎನ್ನುತ್ತದೆ. ಒಂದೆರಡು ಟೈಪ್ ಪರಮಾಣು ಇದ್ದರೆ ಇದೇ ಸಾಕು. ಆರ್ಗಾನ್ ಅನಿಲವನ್ನು ತೆಗೆದುಕೊಳ್ಳಿ. ಯೂನಿಟ್ಸ್ ರಿಯಲ್ ಅಂದರೆ ಶಕ್ತಿ ಕಿಲೋಕ್ಯಾಲರಿ ಪ್ರತಿ ಮೋಲ್, ದೂರ ಆಂಗ್‌ಸ್ಟ್ರಾಮ್, ಸಮಯ ಫೆಮ್ಟೋಸೆಕೆಂಡ್. ಆಗ ಇಷ್ಟೇ:

ಪೇರ್_ಸ್ಟೈಲ್ ಎಲ್‌ಜೆ/ಕಟ್ 10.0
ಪೇರ್_ಕೋಯೆಫ್ 1 1 0.238 3.405

ಪೇರ್ ಸ್ಟೈಲ್ ಯಾವ ಸೂತ್ರ ಎಂದು ಹೇಳುತ್ತದೆ, 10.0 ಲೆಕ್ಕ ನಿಲ್ಲಿಸುವ ದೂರ. 1 1 ಎಂದರೆ ಟೈಪ್ 1 ತನ್ನದೇ ಟೈಪಿನ ಜೊತೆ, ಆಮೇಲೆ ಎಪ್ಸಿಲಾನ್, ಸಿಗ್ಮಾ. ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತದೆ. ಗೈಡ್ ಬಂದು ಸ್ಕ್ರೀನ್ ನೋಡಿದರೆ ಅಲ್ಲೇ ಕೇಳಬಹುದು, "0.238 ಎಲ್ಲಿಂದ ಬಂತು?" ಎಂದು. ಆ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕ ವಿಧಾನ ಇಲ್ಲ.

ಆದರೆ ಟೈಪ್ ಹೆಚ್ಚಾದಂತೆ ಸಾಲುಗಳು ಬೆಳೆಯುತ್ತವೆ. ಹತ್ತು ಟೈಪ್ ಇದ್ದರೆ ಜೋಡಿಗಳು 55. ಆಗ ಜನ ನಕ್ಷತ್ರ ಚಿಹ್ನೆ ಬಳಸಲು ಶುರು ಮಾಡುತ್ತಾರೆ. ಪೇರ್ ಕೋಯೆಫ್ ಆದ ಮೇಲೆ ಎರಡು ನಕ್ಷತ್ರ ಹಾಕಿದರೆ ಎಲ್ಲ ಜೋಡಿಗೂ ಅದೇ ಅಂಕೆ. ಇಲ್ಲಿ ಒಂದು ನಿಯಮ ನೆನಪಿರಲಿ: ಒಂದೇ ಜೋಡಿಗೆ ಎರಡು ಸಾಲು ಇದ್ದರೆ ಕೊನೆಯದೇ ಗೆಲ್ಲುತ್ತದೆ, ಎಚ್ಚರಿಕೆ ಏನೂ ಬರುವುದಿಲ್ಲ. ನಕ್ಷತ್ರದ ಸಾಲನ್ನು ಮೊದಲು ಬರೆದು, ವಿಶೇಷ ಜೋಡಿಗಳನ್ನು ಆಮೇಲೆ ಬರೆಯಬೇಕು. ತಿರುಗಾಮುರುಗಾ ಆದರೆ ಮೇಲೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಸ್ಕ್ರಿಪ್ಟ್ ಮಾತ್ರ ನೋಡಲು ಸರಿಯಾಗಿಯೇ ಇರುತ್ತದೆ. ಇನ್ನೊಂದು ವಿಷಯ. ನಡುವೆ ಬೇರೆ ಹೆಸರಿನ ಪೇರ್ ಸ್ಟೈಲ್ ಕೊಟ್ಟರೆ ಹಳೆಯ ಗುಣಾಂಕ ಎಲ್ಲ ಹೋಗುತ್ತದೆ. ಅದು ಒಳ್ಳೆಯದೇ, ಏಕೆಂದರೆ ಆಗ ಮೇಲೆ ಹೇಳಿದ ಗದರಿಕೆ ಬರುತ್ತದೆ.

ಡೇಟಾ ಫೈಲ್‌ಗೆ ಹಾಕುವುದು

ಮಂಗಳೂರಿನಲ್ಲಿ ಕೂತು ಸಿಮ್ಯುಲೇಷನ್ ಮಾಡುವವರಿಗೆ ಗೇರುಬೀಜದ ಸಿಪ್ಪೆ ಎಣ್ಣೆ ಒಳ್ಳೆಯ ವಿಷಯ. ಗೇರು ಕಾರ್ಖಾನೆಗಳಿಂದ ಬರುವ ಈ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ ಇರುತ್ತದೆ. ಬಿಸಿ ಮಾಡಿದಾಗ ಅದು ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು ಕಾರ್ಡನಾಲ್ ಆಗುತ್ತದೆ. ಕಾರ್ಡನಾಲ್ ಎಂದರೆ ಒಂದು ಫೀನಾಲ್ ಉಂಗುರ, ಅದಕ್ಕೆ 15 ಕಾರ್ಬನ್‌ಗಳ ಬಾಲ. ಬಾಲದಲ್ಲಿ ಜೋಡಿಬಂಧ ಇಲ್ಲದ ರೂಪದಲ್ಲಿ 21 ಕಾರ್ಬನ್, 36 ಹೈಡ್ರೋಜನ್, ಒಂದು ಆಕ್ಸಿಜನ್, ಒಟ್ಟು 58 ಪರಮಾಣು.

ಇಂಥ ಅಣುವಿಗೆ ಕೈಯಲ್ಲಿ ಗುಣಾಂಕ ಟೈಪ್ ಮಾಡುವುದು ಹುಚ್ಚು ಕೆಲಸ. ಲಿಗ್‌ಪಾರ್‌ಜೆನ್, ಮೋಲ್‌ಟೆಂಪ್ಲೇಟ್, ಚಾರ್ಮ್-ಗುಯಿ ಥರದ ಉಪಕರಣ ಬಳಸಿದರೆ ಫೈಲ್ ತಯಾರಾಗಿ ಸಿಗುತ್ತದೆ. ಡೇಟಾ ಫೈಲ್ ಕೊಡುವ ಉಪಕರಣವಾದರೆ ಅದರಲ್ಲೇ ಪೇರ್ ಕೋಯೆಫ್ಸ್, ಬಾಂಡ್ ಕೋಯೆಫ್ಸ್, ಆಂಗಲ್ ಕೋಯೆಫ್ಸ್, ಡೈಹೆಡ್ರಲ್ ಕೋಯೆಫ್ಸ್ ಎಂಬ ವಿಭಾಗಗಳು ಇರುತ್ತವೆ, ಕೆಳಗೆ ಪರಮಾಣುಗಳ ಪಟ್ಟಿ. ಅಣುವಿನ ಜೋಡಣೆ ಮತ್ತು ಅಂಕೆಗಳು ಒಟ್ಟಿಗೇ ಬರುವುದರಿಂದ ಟೈಪ್ ನಂಬರ್ ಅದಲು ಬದಲಾಗುವ ಭಯ ಕಡಿಮೆ. ಇದು ಈ ವಿಧಾನದ ನಿಜವಾದ ಲಾಭ. ವಿಭಾಗದ ಹೆಸರಿನ ಪಕ್ಕ ಹ್ಯಾಷ್ ಹಾಕಿ ಸ್ಟೈಲ್ ಹೆಸರು ಬರೆದಿದ್ದರೆ, ನೀವು ಸ್ಕ್ರಿಪ್ಟಲ್ಲಿ ಕೊಟ್ಟ ಸ್ಟೈಲ್ ಬೇರೆ ಇದ್ದಾಗ ಲ್ಯಾಂಪ್ಸ್ ಎಚ್ಚರಿಸುತ್ತದೆ. ಆ ಒಂದು ಪದವನ್ನು ಬರೆಯಲು ಸೋಮಾರಿತನ ಮಾಡಬೇಡಿ.

ಕಷ್ಟ ಶುರುವಾಗುವುದು ಎರಡನೇ ಅಣು ಬಂದಾಗ. ಕಾರ್ಡನಾಲ್‌ಗೆ ಒಂದು ಡೇಟಾ ಫೈಲ್, ನೀರಿಗೆ ಒಂದು. ಎರಡರಲ್ಲೂ ಟೈಪ್ 1 ಇದೆ. ರೀಡ್ ಡೇಟಾ ಆದೇಶಕ್ಕೆ ಆಡ್, ಆಫ್‌ಸೆಟ್ ಎಂಬ ಆಯ್ಕೆಗಳು ಇವೆ, ನಂಬರ್ ಮುಂದಕ್ಕೆ ತಳ್ಳಬಹುದು. ಆದರೆ ಎಷ್ಟು ತಳ್ಳಬೇಕು ಎನ್ನುವ ಲೆಕ್ಕ ನಿಮ್ಮದೇ. ಪ್ರತಿ ಪರಮಾಣುವಿಗೂ ಬೇರೆ ಟೈಪ್ ನಂಬರ್ ಕೊಡುವ ಉಪಕರಣಗಳೂ ಉಂಟು. ಆಗ ಕಾರ್ಡನಾಲ್ ಒಂದರಲ್ಲೇ 58 ಟೈಪ್, 1711 ಜೋಡಿ. ಅದರಲ್ಲಿ ಒಂದು ಅಂಕೆ ತಪ್ಪಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಮಾರಾಯ್ರೆ. 2022ರ ಸೆಪ್ಟೆಂಬರ್ ಆವೃತ್ತಿಯಿಂದ ಲ್ಯಾಂಪ್ಸ್‌ನಲ್ಲಿ ಟೈಪ್ ಲೇಬಲ್ ಬಂದಿದೆ. ನಂಬರಿನ ಬದಲು ಹೆಸರೇ ಬರೆಯಬಹುದು. ಹೊಸದಾಗಿ ಶುರು ಮಾಡುವವರು ಮೊದಲ ದಿನದಿಂದಲೇ ಅದನ್ನು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಡೇಟಾ ಫೈಲಿನ ಪೇರ್ ಕೋಯೆಫ್ಸ್ ವಿಭಾಗ ಒಂದು ಟೈಪ್ ತನ್ನದೇ ಟೈಪಿನ ಜೊತೆ ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ. 1 ಮತ್ತು 2ರ ನಡುವಿನದನ್ನು ಲ್ಯಾಂಪ್ಸ್ ತಾನೇ ಲೆಕ್ಕ ಹಾಕುತ್ತದೆ. ಎಲ್ಲ ಜೋಡಿಯನ್ನೂ ಬರೆಯಬೇಕಾದರೆ ಪೇರ್‌ಐಜೆ ಕೋಯೆಫ್ಸ್ ಎಂಬ ಇನ್ನೊಂದು ವಿಭಾಗ ಇದೆ. ಈ 'ತಾನೇ ಲೆಕ್ಕ ಹಾಕುವುದು' ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ಕೆಳಗೆ ಬರುತ್ತೇನೆ.

ಬೇರೆ ಫೈಲ್ ಮಾಡಿ ಇನ್‌ಕ್ಲೂಡ್ ಮಾಡುವುದು

ನನ್ನ ಒಲವು ಇದರ ಕಡೆಗೆ. ಡೇಟಾ ಫೈಲಲ್ಲಿ ಪರಮಾಣುಗಳು, ಬಾಂಡ್‌ಗಳ ಪಟ್ಟಿ ಮಾತ್ರ. ಗುಣಾಂಕಗಳೆಲ್ಲ ಬೇರೆ ಒಂದು ಸಣ್ಣ ಫೈಲಲ್ಲಿ. ಸ್ಕ್ರಿಪ್ಟಲ್ಲಿ ಇನ್‌ಕ್ಲೂಡ್ ಎಂಬ ಒಂದು ಸಾಲು. ಮೋಲ್‌ಟೆಂಪ್ಲೇಟ್ ಕೂಡ ಇದೇ ರೀತಿ ಸೆಟ್ಟಿಂಗ್ಸ್ ಫೈಲನ್ನು ಬೇರೆ ಮಾಡಿಕೊಡುತ್ತದೆ.

ಇದರಲ್ಲಿ ಏನು ಲಾಭ? ಪ್ರತಿ ಸಾಲಿನ ಕೊನೆಗೆ ಹ್ಯಾಷ್ ಹಾಕಿ ಮೂಲ ಬರೆಯಬಹುದು. ಯಾವ ಪೇಪರ್, ಯಾವ ಟೇಬಲ್, ಮೂಲದಲ್ಲಿ ಯಾವ ಯೂನಿಟ್ ಇತ್ತು, ಎಷ್ಟರಿಂದ ಗುಣಿಸಿದ್ದು. ಡೇಟಾ ಫೈಲಲ್ಲೂ ಬರೆಯಬಹುದು, ಆದರೆ ಸಾವಿರಾರು ಪರಮಾಣುಗಳ ಸಾಲಿನ ಮೇಲೆ ಕೂತ ಟಿಪ್ಪಣಿಯನ್ನು ಯಾರು ಓದುತ್ತಾರೆ? ಎರಡು ಫೋರ್ಸ್ ಫೀಲ್ಡ್ ಹೋಲಿಸಬೇಕಾದಾಗ ಫೈಲಿನ ಹೆಸರು ಮಾತ್ರ ಬದಲಿಸಿದರೆ ಆಯಿತು, ಪರಮಾಣುಗಳ ಜಾಗ ಹಾಗೇ ಇರುತ್ತದೆ.

ಕಾರ್ಡನಾಲ್ ಬಾಲಕ್ಕೆ ಇದು ತುಂಬ ಅನುಕೂಲ. 1996ರ ಓಪಿಎಲ್‌ಎಸ್-ಎಎ ಫೋರ್ಸ್ ಫೀಲ್ಡ್ ಸಣ್ಣ ಸಾವಯವ ಅಣುಗಳಿಗೆ ಚೆನ್ನಾಗಿದೆ. ಉದ್ದದ ಹೈಡ್ರೋಕಾರ್ಬನ್ ಸರಪಳಿ ಸಿಕ್ಕಿದರೆ ಎಡವುತ್ತದೆ. ದ್ರವವಾಗಿ ಇರಬೇಕಾದ ಉಷ್ಣತೆಯಲ್ಲೂ ಸರಪಳಿಗಳು ಸಾಲಾಗಿ ನೆಟ್ಟಗೆ ನಿಂತು ಹೆಪ್ಪುಗಟ್ಟಲು ನೋಡುತ್ತವೆ. ಇದಕ್ಕೆಂದೇ 2012ರಲ್ಲಿ ಎಲ್-ಓಪಿಎಲ್‌ಎಸ್ ಎಂಬ ತಿದ್ದುಪಡಿ ಬಂತು. ಡೈಹೆಡ್ರಲ್ ಮತ್ತು ಇನ್ನು ಕೆಲವು ಅಂಕೆಗಳನ್ನು ಬದಲಿಸಿದರು. ಉಪಕರಣ ಕೊಟ್ಟ ಡೇಟಾ ಫೈಲನ್ನು ಮುಟ್ಟದೆ, ಈ ತಿದ್ದಿದ ಸಾಲುಗಳನ್ನು ಬೇರೆ ಫೈಲಲ್ಲಿ ಬರೆದು, ರೀಡ್ ಡೇಟಾ ಆದ ಮೇಲೆ ಇನ್‌ಕ್ಲೂಡ್ ಮಾಡಬಹುದು. ಕೊನೆಯದೇ ಗೆಲ್ಲುವ ನಿಯಮ ಇಲ್ಲಿ ನಮ್ಮ ಪರ. ಕ್ರಮ ಮಾತ್ರ ನೆನಪಿಡಿ: ಸ್ಟೈಲ್ ಮೊದಲು, ಆಮೇಲೆ ರೀಡ್ ಡೇಟಾ, ಕೊನೆಗೆ ಗುಣಾಂಕ. ಡೇಟಾ ಫೈಲಲ್ಲಿ ಕೋಯೆಫ್ಸ್ ವಿಭಾಗ ಇದ್ದು ಸ್ಟೈಲ್ ಮೊದಲೇ ಹೇಳಿರದಿದ್ದರೆ ಅಲ್ಲೇ ಎರರ್. ಬಾಕ್ಸ್ ಸಿದ್ಧವಾಗುವ ಮೊದಲು ಪೇರ್ ಕೋಯೆಫ್ ಬರೆದರೂ ಎರರ್.

ಈಗಾಗಲೇ ಎಲ್ಲವೂ ಡೇಟಾ ಫೈಲ್ ಒಳಗೆ ಸೇರಿಹೋಗಿದೆ ಎಂದು ಬೇಸರ ಬೇಡ. ರೈಟ್ ಕೋಯೆಫ್ ಎಂಬ ಆದೇಶ ಗುಣಾಂಕಗಳನ್ನು ಬೇರೆ ಫೈಲಿಗೆ ಬರೆದುಕೊಡುತ್ತದೆ. ರೈಟ್ ಡೇಟಾಗೆ ನೋಕೋಯೆಫ್ ಎಂದು ಸೇರಿಸಿದರೆ ಉಳಿದದ್ದು ಮಾತ್ರ ಬರುತ್ತದೆ. ಎರಡು ಸಾಲಿನಲ್ಲಿ ಬೇರ್ಪಟ್ಟಿತು.

ಒಂದು ಕೊರತೆ ಇದೆ. ಚಾರ್ಜ್‌ಗಳು ಗುಣಾಂಕದ ಸಾಲಿನಲ್ಲಿ ಬರುವುದಿಲ್ಲ, ಡೇಟಾ ಫೈಲಿನ ಆಟಮ್ಸ್ ವಿಭಾಗದಲ್ಲಿ ಇರುತ್ತವೆ. ಎಸ್‌ಪಿಸಿ/ಇ ಎಂಬ ನೀರಿನ ಮಾದರಿಯನ್ನು ಟಿಐಪಿ3ಪಿ ಎಂಬ ಇನ್ನೊಂದು ಮಾದರಿ ಮಾಡಲು ಹೊರಟು ಎಪ್ಸಿಲಾನ್, ಸಿಗ್ಮಾ, ಬಾಂಡ್ ಉದ್ದ, ಕೋನ ಎಲ್ಲ ಬದಲಿಸಿದಿರಿ ಎನ್ನಿ. ಆಕ್ಸಿಜನ್ ಚಾರ್ಜ್ ಹಳೆಯ -0.8476 ಹಾಗೇ ಉಳಿಯುತ್ತದೆ, ಬೇಕಿದ್ದದ್ದು -0.834. ಒಟ್ಟು ಚಾರ್ಜ್ ಸೊನ್ನೆಯೇ ಇರುವುದರಿಂದ ಎಚ್ಚರಿಕೆಯೂ ಬರುವುದಿಲ್ಲ. ನಿಮ್ಮ ಬಾಕ್ಸಲ್ಲಿ ಇರುವುದು ಈಗ ಎರಡೂ ಅಲ್ಲದ ನೀರು. ಪರಿಹಾರ ಸುಲಭ: ಗುಣಾಂಕದ ಫೈಲಲ್ಲೇ 'ಸೆಟ್ ಟೈಪ್ 1 ಚಾರ್ಜ್ -0.834' ಎಂದು ಬರೆಯಿರಿ, ಹೈಡ್ರೋಜನ್‌ಗೆ 0.417. ಆಗ ಆ ಫೈಲ್ ಪೂರ್ತಿ ಆಯಿತು.

ಬೇರೆ ಬೇರೆ ಪರಮಾಣುಗಳ ನಡುವಿನ ಅಂಕೆ: ಬಿಡುವುದಾ, ಬರೆಯುವುದಾ?

ಇಲ್ಲಿ ಸ್ವಲ್ಪ ನಿಲ್ಲೋಣ. ಪಣಂಬೂರಿನ ಸಮುದ್ರದ ನೀರನ್ನೇ ಮಾಡುತ್ತೇವೆ ಎಂದುಕೊಳ್ಳಿ. ಸಾವಿರ ನೀರಿನ ಅಣುಗಳಿಗೆ ಸುಮಾರು 11 ಜೋಡಿ ಸೋಡಿಯಂ, ಕ್ಲೋರೈಡ್ ಹಾಕಿದರೆ ಸಮುದ್ರದ ಉಪ್ಪಿನ ಮಟ್ಟ ಬರುತ್ತದೆ. ನೀರಿಗೆ ಎಸ್‌ಪಿಸಿ/ಇ: ಆಕ್ಸಿಜನ್ ಎಪ್ಸಿಲಾನ್ 0.1553, ಸಿಗ್ಮಾ 3.166. ಅಯಾನುಗಳಿಗೆ 2008ರಲ್ಲಿ ಜಂಗ್ ಮತ್ತು ಚೀಥಮ್ ಕೊಟ್ಟ ಅಂಕೆಗಳು. ಅವರು ಟಿಐಪಿ3ಪಿ, ಟಿಐಪಿ4ಪಿ-ಇಡಬ್ಲ್ಯೂ, ಎಸ್‌ಪಿಸಿ/ಇ ಮೂರಕ್ಕೂ ಬೇರೆ ಬೇರೆ ಪಟ್ಟಿ ಕೊಟ್ಟಿದ್ದಾರೆ. ಒಂದರ ಪಟ್ಟಿಯನ್ನು ಇನ್ನೊಂದು ನೀರಿಗೆ ಹಾಕುವುದು ಕುಚ್ಚಲಕ್ಕಿಯ ನೀರಿನ ಅಳತೆಯಲ್ಲಿ ಬೆಳ್ತಿಗೆ ಅನ್ನ ಮಾಡಿದ ಹಾಗೆ.

ಎಸ್‌ಪಿಸಿ/ಇ ಪಟ್ಟಿಯಲ್ಲಿ ಸೋಡಿಯಂ ಎಪ್ಸಿಲಾನ್ 0.3526, ಸಿಗ್ಮಾ 2.160. ಕ್ಲೋರೈಡ್ ಎಪ್ಸಿಲಾನ್ 0.0128, ಸಿಗ್ಮಾ 4.830. ಸೋಡಿಯಂ ಮತ್ತು ಕ್ಲೋರೈಡ್ ನಡುವಿನ ಸಿಗ್ಮಾ ಎಷ್ಟು?

ಎರಡು ಟೈಪ್‌ಗಳ ಅಂಕೆಯಿಂದ ನಡುವಿನ ಅಂಕೆ ತೆಗೆಯುವುದಕ್ಕೆ ಮಿಕ್ಸಿಂಗ್ ನಿಯಮ ಎನ್ನುತ್ತಾರೆ. ಲೊರೆಂಟ್ಜ್-ಬರ್ತೆಲೊ ನಿಯಮದಲ್ಲಿ ಸಿಗ್ಮಾಗಳ ಸರಾಸರಿ ತೆಗೆಯಬೇಕು. 2.160 ಮತ್ತು 4.830ರ ಸರಾಸರಿ 3.495. ಜಂಗ್-ಚೀಥಮ್ ಅಂಕೆಗಳು ತಯಾರಾದದ್ದೇ ಈ ನಿಯಮಕ್ಕೆ. ಆದರೆ ಲ್ಯಾಂಪ್ಸ್‌ನ ಎಲ್‌ಜೆ/ಕಟ್/ಕೌಲ್/ಲಾಂಗ್ ಸ್ಟೈಲ್‌ನಲ್ಲಿ ನೀವು ಏನೂ ಹೇಳದಿದ್ದರೆ ಅದು ಜ್ಯಾಮಿತೀಯ ನಿಯಮ ಹಿಡಿಯುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯುತ್ತದೆ. ಉತ್ತರ 3.230.

ಕಾಲು ಆಂಗ್‌ಸ್ಟ್ರಾಮ್ ವ್ಯತ್ಯಾಸ, ಏನು ಮಹಾ ಎನ್ನಬೇಡಿ. ತಳ್ಳುವ ಭಾಗದಲ್ಲಿ ಸಿಗ್ಮಾ 12ನೇ ಘಾತದಲ್ಲಿ ಕೂತಿದೆ. 3.495ನ್ನು 3.230ರಿಂದ ಭಾಗಿಸಿ, 12 ಬಾರಿ ಗುಣಿಸಿ ನೋಡಿ, ಸುಮಾರು 2.6 ಬರುತ್ತದೆ. ಅಂದರೆ ಒಂದೇ ದೂರದಲ್ಲಿ ಈ ಎರಡು ಅಯಾನುಗಳ ನಡುವಿನ ತಳ್ಳುವಿಕೆ ಇರಬೇಕಾದ್ದರ ಸುಮಾರು 2.6ರಲ್ಲಿ ಒಂದು ಪಾಲಿಗೆ ಇಳಿಯಿತು. ಬೇರೆ ಚಾರ್ಜಿನ ಅಯಾನುಗಳು ಮೊದಲೇ ಒಂದನ್ನೊಂದು ಎಳೆಯುತ್ತಿರುತ್ತವೆ, ಈಗ ಇನ್ನೂ ಹತ್ತಿರ ಬರಲು ದಾರಿ ಬಿಟ್ಟಂತಾಯಿತು. ನೀರಿನ ಸಾಂದ್ರತೆ ನೋಡಿದರೆ ದೊಡ್ಡ ಬದಲಾವಣೆ ಕಾಣಲಿಕ್ಕಿಲ್ಲ. ಉಪ್ಪು ಹೇಗೆ ಕರಗುತ್ತದೆ, ಅಯಾನುಗಳು ಹೇಗೆ ಜೋಡಿಯಾಗುತ್ತವೆ ಎನ್ನುವುದೇ ನಿಮ್ಮ ಪ್ರಾಜೆಕ್ಟ್ ಆಗಿದ್ದರೆ ಉತ್ತರ ಪೂರ್ತಿ ಬೇರೆ.

ಇದನ್ನು ತಪ್ಪಿಸಲು ಎರಡು ದಾರಿ. ಮೊದಲನೆಯದು 'ಪೇರ್_ಮಾಡಿಫೈ ಮಿಕ್ಸ್ ಅರಿತ್‌ಮೆಟಿಕ್' ಎಂಬ ಒಂದು ಸಾಲು. ಎರಡನೆಯದು ಪ್ರತಿ ಜೋಡಿಯನ್ನೂ ನೀವೇ ಬರೆಯುವುದು. ಟೈಪ್‌ಗಳು ಐದಾರರ ಒಳಗೆ ಇದ್ದರೆ ಎರಡನೆಯದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಬರೆದ ಜೋಡಿಗೆ ಮಿಕ್ಸಿಂಗ್ ನಿಯಮ ಅನ್ವಯವೇ ಆಗುವುದಿಲ್ಲ, ನೋಡುವವರಿಗೂ 3.495 ಎಂದು ನೇರ ಕಾಣುತ್ತದೆ. ಟೈಪ್ ಜಾಸ್ತಿ ಇದ್ದರೆ ಒಂದು ಸಾಲು ಬರೆದು, ರೈಟ್ ಡೇಟಾಗೆ 'ಪೇರ್ ಐಜೆ' ಎಂದು ಸೇರಿಸಿ ಬರೆಸಿ, ಲ್ಯಾಂಪ್ಸ್ ಏನು ಲೆಕ್ಕ ಹಾಕಿದೆ ಎಂದು ಕಣ್ಣಾರೆ ನೋಡಿ.

ನಿಯಮ ಫೋರ್ಸ್ ಫೀಲ್ಡಿನ ಜೊತೆ ಹೋಗುತ್ತದೆ, ನಿಮ್ಮ ಇಷ್ಟದ ಜೊತೆ ಹೋಗುವುದಿಲ್ಲ. ಆಂಬರ್, ಚಾರ್ಮ್ ಎಂಬ ಫೋರ್ಸ್ ಫೀಲ್ಡ್‌ಗಳಿಗೆ ಲೊರೆಂಟ್ಜ್-ಬರ್ತೆಲೊ. ಓಪಿಎಲ್‌ಎಸ್‌ಗೆ ಜ್ಯಾಮಿತೀಯ. ತಮಾಷೆ ಎಂದರೆ ಲ್ಯಾಂಪ್ಸ್‌ನ ಎಲ್‌ಜೆ/ಚಾರ್ಮ್ ಸ್ಟೈಲ್‌ಗಳು ಏನೂ ಹೇಳದಿದ್ದರೆ ಸರಾಸರಿ ನಿಯಮವನ್ನೇ ಹಿಡಿಯುತ್ತವೆ. ಸ್ಟೈಲ್ ಬದಲಾದರೆ ಡೀಫಾಲ್ಟ್ ಕೂಡ ಬದಲಾಗುತ್ತದೆ. ಹಾಗಾಗಿ ಡೀಫಾಲ್ಟ್ ಸರಿಯಿದ್ದರೂ ಆ ಸಾಲನ್ನು ಬರೆದೇ ಬರೆಯಿರಿ.

ಇದೇ ಜಾತಿಯ ಇನ್ನೊಂದು ಸಾಲು ಸ್ಪೆಷಲ್ ಬಾಂಡ್ಸ್. ಮೂರು ಬಾಂಡ್ ಆಚೆಗಿನ ಪರಮಾಣುಗಳ ನಡುವಿನ ಬಲವನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು ಎಂದು ಅದು ಹೇಳುತ್ತದೆ. ಓಪಿಎಲ್‌ಎಸ್‌ಗೆ ಎರಡೂ ಅರ್ಧ. ಆಂಬರ್‌ಗೆ ಲೆನಾರ್ಡ್-ಜೋನ್ಸ್ 0.5, ಚಾರ್ಜ್ 0.8333. ಲ್ಯಾಂಪ್ಸ್ ಡೀಫಾಲ್ಟ್ ಮಾತ್ರ ಸೊನ್ನೆ. ಡೇಟಾ ಫೈಲಲ್ಲಿ ಇದಕ್ಕೆ ಜಾಗವೇ ಇಲ್ಲ. ಉಪಕರಣ ಕೊಟ್ಟ ಡೇಟಾ ಫೈಲ್ ಒಂದನ್ನೇ ಗೆಳೆಯರಿಗೆ ಕಳಿಸಿದರೆ ಫೋರ್ಸ್ ಫೀಲ್ಡ್ ಪೂರ್ತಿ ಹೋಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಅರ್ಧ ಒಳಗಿದೆಯಾ, ಹೊರಗಿದೆಯಾ

ಪೇಪರಿನಿಂದ ಅಂಕೆ ಎತ್ತಿಕೊಳ್ಳುವವರಿಗೆ ಇದು ಬೇಕು. ಬಾಂಡ್ ಶಕ್ತಿಯನ್ನು ಲ್ಯಾಂಪ್ಸ್ 'ಕೆ ಗುಣಿಸು ಹಿಗ್ಗಿದ್ದರ ವರ್ಗ' ಎಂದು ಬರೆಯುತ್ತದೆ. ಆಂಬರ್, ಚಾರ್ಮ್ ಕೂಡ ಹಾಗೇ. ಗ್ರೋಮ್ಯಾಕ್ಸ್ ಮತ್ತು ಓಪನ್‌ಎಂಎಂ ಎಂಬ ಇನ್ನೊಂದು ಪ್ರೋಗ್ರಾಂ ಇದರ ಮುಂದೆ ಒಂದು ಅರ್ಧ ಹಾಕುತ್ತವೆ. ಯೂನಿಟ್ ಕೂಡ ಬೇರೆ, ಕಿಲೋಜೂಲ್ ಮತ್ತು ನ್ಯಾನೋಮೀಟರ್. ಓಪಿಎಲ್‌ಎಸ್‌ನ ಕಾರ್ಬನ್-ಹೈಡ್ರೋಜನ್ ಬಾಂಡ್ ನೋಡಿ. ಲ್ಯಾಂಪ್ಸ್‌ನಲ್ಲಿ 340. ಗ್ರೋಮ್ಯಾಕ್ಸ್ ಫೈಲಲ್ಲಿ 284512. ಅದು 340 ಗುಣಿಸು 2, ಗುಣಿಸು 4.184, ಗುಣಿಸು 100. ಕೋನಕ್ಕೆ 100 ಬೇಡ, 33 ಇದ್ದದ್ದು 276.144 ಆಗುತ್ತದೆ.

ನೂರರಷ್ಟು ತಪ್ಪಿದರೆ ಸಿಮ್ಯುಲೇಷನ್ ಸಿಡಿದು ಹೋಗಿ ಗೊತ್ತಾಗುತ್ತದೆ. ಎರಡರಷ್ಟು ತಪ್ಪಿದರೆ ಗೊತ್ತಾಗುವುದಿಲ್ಲ, ಬಾಂಡ್ ಸ್ವಲ್ಪ ಬಿಗಿ ಅಥವಾ ಸ್ವಲ್ಪ ಸಡಿಲ, ಅಷ್ಟೇ. ಸಿಗ್ಮಾಗೂ ಇಂಥದ್ದೇ ಗೊಂದಲ. ಆಂಬರ್ ಮತ್ತು ಚಾರ್ಮ್ ಪಟ್ಟಿಗಳಲ್ಲಿ ಇರುವುದು ಸಿಗ್ಮಾ ಅಲ್ಲ, ಶಕ್ತಿ ಅತಿ ಕಡಿಮೆ ಇರುವ ದೂರದ ಅರ್ಧ. ಅದನ್ನು 1.7818ರಿಂದ ಗುಣಿಸಿದರೆ ಸಿಗ್ಮಾ. ಮೇಲಿನ ಸೋಡಿಯಂ ಮೂಲ ಪಟ್ಟಿಯಲ್ಲಿ 1.212 ಎಂದಿದೆ, ಗುಣಿಸಿದರೆ 2.160. ಚಾರ್ಮ್ ಫೈಲಲ್ಲಿ ಎಪ್ಸಿಲಾನ್ ಋಣ ಚಿಹ್ನೆಯ ಜೊತೆ ಬರುತ್ತದೆ, ಅದನ್ನು ತೆಗೆಯಬೇಕು.

ಲೋಹಗಳಿಗೆ ಪೊಟೆನ್ಷಿಯಲ್ ಫೈಲ್

ತಾಮ್ರ, ಕಬ್ಬಿಣ ಮಾಡುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಇಎಎಂ, ಟರ್ಸಾಫ್, ರಿಯಾಕ್ಸ್‌ಎಫ್‌ಎಫ್ ಎಂಬ ಮಾದರಿಗಳಲ್ಲಿ ಅಂಕೆಗಳು ಪೊಟೆನ್ಷಿಯಲ್ ಫೈಲಿನೊಳಗೆ ಇರುತ್ತವೆ, ಪೇರ್ ಕೋಯೆಫ್ ಸಾಲು ಆ ಫೈಲಿನ ಹೆಸರು ಹೇಳುತ್ತದೆ ಅಷ್ಟೇ. ಎರಡು ಲೋಹದ ಮಿಶ್ರಣ ಆದರೆ ಫೈಲಿನ ಹೆಸರು ಆದ ಮೇಲೆ ಧಾತುಗಳನ್ನು ಬರೆಯುವ ಕ್ರಮ ನಿಮ್ಮ ಟೈಪ್ ನಂಬರಿನ ಕ್ರಮವೇ ಆಗಿರಬೇಕು. ಟೈಪ್ 1 ನಿಕೆಲ್ ಇದ್ದು ಮೊದಲು ಅಲ್ಯೂಮಿನಿಯಂ ಬರೆದರೆ ಲೋಹಗಳು ಅದಲು ಬದಲು. ಪಣಂಬೂರಿನಲ್ಲಿ ಕಬ್ಬಿಣದ ಅದಿರಿನ ಉಂಡೆ ಮಾಡುವ ಕಾರ್ಖಾನೆ ಇದೆ ಎಂದು ಕಬ್ಬಿಣದ ಆಕ್ಸೈಡ್ ಆದ ಹೆಮಟೈಟ್‌ಗೂ ಕಬ್ಬಿಣದ ಇಎಎಂ ಫೈಲ್ ಹಾಕಲು ಹೋಗಬೇಡಿ. ಅದು ಲೋಹಕ್ಕೆ ಮಾತ್ರ. ಆಕ್ಸೈಡ್‌ಗೆ ಚಾರ್ಜ್ ಲೆಕ್ಕ ಹಿಡಿಯುವ ಮಾದರಿ ಬೇಕು.

ಗ್ರೋಮ್ಯಾಕ್ಸ್‌ಗೆ ಹೋಗುವುದು ಒಳ್ಳೆಯದಾ?

ಮಣಿಪಾಲದ ಕಡೆ ಔಷಧದ ಅಣು, ಪ್ರೊಟೀನ್ ಮಾಡುವವರಾದರೆ ಹೌದು. ಗ್ರೋಮ್ಯಾಕ್ಸ್‌ನಲ್ಲಿ ಟೈಪ್‌ಗಳಿಗೆ ಮೊದಲಿನಿಂದಲೂ ಹೆಸರಿದೆ. ಟೋಪಾಲಜಿ ಫೈಲಿನ ಮೊದಲಲ್ಲೇ ಡೀಫಾಲ್ಟ್ಸ್ ವಿಭಾಗ, ಅದರಲ್ಲಿ ಮಿಕ್ಸಿಂಗ್ ನಿಯಮದ ನಂಬರ್ ಮತ್ತು ಆ 0.5, 0.8333 ಎರಡೂ ಇರುತ್ತವೆ. ನಿಯಮ 2 ಎಂದರೆ ಲೊರೆಂಟ್ಜ್-ಬರ್ತೆಲೊ, 3 ಎಂದರೆ ಜ್ಯಾಮಿತೀಯ. ಅಂದರೆ ಲ್ಯಾಂಪ್ಸ್‌ನಲ್ಲಿ ಮರೆತುಹೋಗುವ ಸಾಲುಗಳು ಇಲ್ಲಿ ಫೋರ್ಸ್ ಫೀಲ್ಡಿನ ಭಾಗವಾಗಿಯೇ ಬರುತ್ತವೆ. ಡೀಫಾಲ್ಟ್ಸ್ ಎರಡು ಬಾರಿ ಬಂದರೆ ಗ್ರಾಂಪ್ (ರನ್ ಮೊದಲು ಫೈಲ್ ಜೋಡಿಸುವ ಗ್ರೋಮ್ಯಾಕ್ಸ್ ಉಪಕರಣ) ಒಪ್ಪುವುದಿಲ್ಲ, ಎರಡು ಫೋರ್ಸ್ ಫೀಲ್ಡ್ ಬೆರೆಸುವವರನ್ನು ಅಲ್ಲೇ ತಡೆಯುತ್ತದೆ. ಆಟಮ್‌ಟೈಪ್ಸ್ ವಿಭಾಗ ಅಣುವಿನ ವಿವರ ಆದ ಮೇಲೆ ಬಂದರೂ ಎರರ್. ಹೊಸಬರಿಗೆ ಇದು ಕಿರಿಕಿರಿ. ನನಗೆ ಇಷ್ಟವಾಗುವ ಕಿರಿಕಿರಿ.

ಮೆಂಬ್ರೇನ್ ಮೂಲಕ ಉಪ್ಪು ನೀರು ತಳ್ಳುವುದು, ಲೋಹದ ಮೇಲೆ ಎಣ್ಣೆ, ಬಾಂಡ್ ಮುರಿಯುವ ರಸಾಯನ, ಇಂಥದ್ದಕ್ಕೆ ಲ್ಯಾಂಪ್ಸ್‌ನಷ್ಟು ಸಲೀಸು ಇನ್ನೊಂದಿಲ್ಲ. ಸಲೀಸು ಎಂದರೆ ಕಾವಲು ಕಡಿಮೆ ಎಂದೂ ಅರ್ಥ.

ಕರೆಂಟ್ ಹೋದರೆ

ಜೂನ್, ಜುಲೈಯಲ್ಲಿ ಗಾಳಿ ಮಳೆಗೆ ಕರೆಂಟ್ ಹೋಗುವುದು ನಮ್ಮ ಕಡೆ ಹೊಸದಲ್ಲ. ಲ್ಯಾಬಿನ ಯುಪಿಎಸ್ ಎಷ್ಟು ಹೊತ್ತು ಅಂತ ತಡೆಯುತ್ತದೆ? ಹಾಗಾಗಿ ರೀಸ್ಟಾರ್ಟ್ ಫೈಲ್ ವಿಷಯದಲ್ಲೂ ಹೋಲಿಸಿ ನೋಡಬೇಕು. ಗ್ರೋಮ್ಯಾಕ್ಸ್‌ನ ಟಿಪಿಆರ್ ಎಂಬ ರನ್ ಫೈಲಲ್ಲಿ ಎಲ್ಲ ಅಂಕೆ ಸೇರಿರುತ್ತದೆ, ಚೆಕ್‌ಪಾಯಿಂಟ್ ಕೊಟ್ಟು ಮುಂದುವರಿಸಿದರೆ ಆಯಿತು. ಲ್ಯಾಂಪ್ಸ್‌ನಲ್ಲಿ ಎಲ್‌ಜೆ/ಕಟ್ ಥರದ ಸ್ಟೈಲ್‌ಗಳ ಗುಣಾಂಕ ರೀಸ್ಟಾರ್ಟ್ ಫೈಲಲ್ಲಿ ಉಳಿಯುತ್ತದೆ. ಇಎಎಂ, ರಿಯಾಕ್ಸ್‌ಎಫ್‌ಎಫ್ ಗುಣಾಂಕ ಉಳಿಯುವುದಿಲ್ಲ, ಮತ್ತೆ ಕೊಡಬೇಕು. ಕೆಸ್ಪೇಸ್ ಸ್ಟೈಲ್ (ದೂರದ ಚಾರ್ಜ್‌ಗಳ ಲೆಕ್ಕ), ಶೇಕ್ ಫಿಕ್ಸ್ (ಬಾಂಡ್ ಉದ್ದ ಬದಲಾಗದಂತೆ ಹಿಡಿಯುವುದು) ಕೂಡ ಮತ್ತೆ ಬರೆಯಬೇಕು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಡೇಟಾ ಫೈಲಲ್ಲಿ ಅಂಕೆ ತಿದ್ದಿ, ಹಳೆಯ ರೀಸ್ಟಾರ್ಟ್ ಫೈಲಿಂದ ಮುಂದುವರಿಸಿದರೆ ತಿದ್ದಿದ್ದು ಲೆಕ್ಕಕ್ಕೇ ಬರುವುದಿಲ್ಲ. ಒಳಗೆ ಹಳೆಯ ಅಂಕೆಯೇ ಕೂತಿರುತ್ತದೆ. ಗುಣಾಂಕದ ಫೈಲ್ ಬೇರೆ ಇದ್ದು, ರೀಡ್ ರೀಸ್ಟಾರ್ಟ್ ಆದ ಮೇಲೂ ಅದನ್ನು ಇನ್‌ಕ್ಲೂಡ್ ಮಾಡುವ ಅಭ್ಯಾಸ ಇದ್ದರೆ ಈ ಪೇಚು ಇಲ್ಲ.

ಯಾವುದನ್ನು ಆರಿಸಿದರೂ, ಕ್ಲಸ್ಟರಿಗೆ ಕಳಿಸುವ ಮೊದಲು

ಎರಡೇ ಪರಮಾಣುವಿನ ಪರೀಕ್ಷೆ ಮಾಡಿ. ಎರಡು ಆರ್ಗಾನ್ ಪರಮಾಣುಗಳನ್ನು 3.822 ಆಂಗ್‌ಸ್ಟ್ರಾಮ್ ದೂರದಲ್ಲಿ ಇಟ್ಟು 'ರನ್ 0' ಕೊಡಿ. ಲೆಕ್ಕ ನಿಲ್ಲಿಸುವ ದೂರಕ್ಕಾಗಿ ಮಾಡುವ ಶಿಫ್ಟ್, ಟೇಲ್ ಎಂಬ ತಿದ್ದುಪಡಿ ಎರಡೂ ಬೇಡ. ಆ ದೂರ ಸಿಗ್ಮಾದ 1.1225 ಪಟ್ಟು, ಶಕ್ತಿ ಅತಿ ಕಡಿಮೆ ಇರುವ ಜಾಗ. ಲ್ಯಾಂಪ್ಸ್ ಒಟ್ಟು ಪೇರ್ ಶಕ್ತಿಯನ್ನು -0.238 ಎಂದು ತೋರಿಸಬೇಕು. ರಿಯಲ್ ಯೂನಿಟ್‌ನಲ್ಲಿ ಅದು ಭಾಗಿಸದೆ ಒಟ್ಟು ಶಕ್ತಿಯನ್ನೇ ಕೊಡುತ್ತದೆ. ಗ್ರೋಮ್ಯಾಕ್ಸ್‌ನಲ್ಲೂ ಶಿಫ್ಟ್ ತೆಗೆದು ನೋಡಿದರೆ ಸುಮಾರು -0.996 ಕಿಲೋಜೂಲ್. ಬೇರೆ ಏನೇ ಬಂದರೂ ಯೂನಿಟ್ಟಲ್ಲೋ ಸಿಗ್ಮಾದಲ್ಲೋ ಎಡವಟ್ಟಾಗಿದೆ. ಬಾಂಡ್‌ಗೂ ಹೀಗೇ. ಕಾರ್ಬನ್-ಹೈಡ್ರೋಜನ್ ಬಾಂಡನ್ನು 0.1 ಆಂಗ್‌ಸ್ಟ್ರಾಮ್ ಎಳೆದು ಇಡಿ. 340 ಗುಣಿಸು 0.01, ಅಂದರೆ 3.4 ಕಿಲೋಕ್ಯಾಲರಿ. 1.7 ಅಥವಾ 6.8 ಕಂಡರೆ ಆ ಅರ್ಧ ಎಲ್ಲೋ ಕಳೆದಿದೆ ಅಥವಾ ಎರಡು ಸಲ ಸೇರಿದೆ. ಸೋಡಿಯಂ-ಕ್ಲೋರೈಡ್ ಜೋಡಿಗೆ ಮಾಡುವಾಗ ಎರಡರ ಚಾರ್ಜನ್ನೂ ಸೊನ್ನೆ ಮಾಡಿ, 3.923 ಆಂಗ್‌ಸ್ಟ್ರಾಮ್ ದೂರದಲ್ಲಿ ಇಡಿ. ಉತ್ತರ -0.067ರ ಆಸುಪಾಸು ಬಂದರೆ ಮಿಕ್ಸಿಂಗ್ ಸರಿಯಿದೆ. ಜ್ಯಾಮಿತೀಯ ನಿಯಮ ಹಿಡಿದಿದ್ದರೆ -0.058ರ ಹತ್ತಿರ ಬರುತ್ತದೆ, ಆಗ ಪೇರ್ ಮಾಡಿಫೈ ಸಾಲನ್ನು ಹುಡುಕಲು ಶುರು ಮಾಡಿ.